ರೊಟ್ಟಿ ಹರಿದರೆ ಪದ್ಯವೂ ಹರಿಯಿತು

ನನ್ನ ಮೊಮ್ಮಗಳ ಪದ್ಯ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಇಡೀ ಇಂಡಿ ತಾಲೂಕಿನಲ್ಲಿ ಒಂದಕ್ಕೇ ಇದೆ: ನಾನು ಬಡಿಯುವ ಜೋಳದ ರೊಟ್ಟಿಗೆ! ನಗಬೇಡಿ. ನಾನು ಓದಿದ್ದು ಮೂರನೇ ಇಯತ್ತೆ. ಸುಳ್ಳು ಹೇಳುವಷ್ಟು ವಿದ್ಯೆ ನನಗಿಲ್ಲ.

ನಮ್ಮೂರು ತಾಂಬಾದಿಂದ ದಿನಾ ಇಂಡಿಯ ಕಾಲೇಜಿಗೆ ಹೋಗುವ ಹುಡುಗಿ. ಬಸ್ಸಿಗೆ ಮೊದಲು, ನಾನು ರೊಟ್ಟಿಗೆ ಕೂತೊಡನೆ, ನೋಟ್‌ಬುಕ್ ಹಿಡಿದು ಎದುರು ಕೂರುತ್ತಾಳೆ. ನನ್ನ ಕೈಯ ತಟತಟಕ್ಕೆ ಸರಿಯಾಗಿ ಓದುತ್ತಾಳೆ. ತಾಳ ತಪ್ಪಿದ ಶಬ್ದಕ್ಕೆ ಅಡ್ಡಗೆರೆ. ರೊಟ್ಟಿ ಹರಿಯಿತೋ, ಆಗ ಓದುತ್ತಿದ್ದ ಸಾಲೇ ಔಟ್! ಹದಿನೆಂಟು ಸಲ ತಿದ್ದಿದ್ದಾದರೂ ಕರುಣೆಯಿಲ್ಲ. ಉಳಿದ ಕವಿಗಳು ಗುರುವನ್ನು ಹುಡುಕುತ್ತಾರಂತೆ. ಇವಳು ಹಂಚು ಹುಡುಕಿಕೊಂಡಳು.

ಹೋದ ಮಳೆಗಾಲದಲ್ಲಿ ಒಂದು ವಾರ ರೊಟ್ಟಿಯೆಲ್ಲ ಹರಿದವು. ನಾಲ್ಕು ಪದ್ಯ ಒಲೆ ಸೇರಿದವು. ಆಮೇಲೆ ಸೊಸೆ ಡಬ್ಬಿ ಮೂಸಿ, ಹಿಟ್ಟು ಬೀಸಿಸಿ ತಿಂಗಳಾಯಿತು, ಜಿಗಿಯೇ ಹೋಗಿದೆ, ಅಂಟದ ಹಿಟ್ಟು ಹರಿಯದೆ ಏನು ಮಾಡೀತು ಎಂದಳು. ಮೊಮ್ಮಗಳು ಬೂದಿಯನ್ನೇ ನೋಡುತ್ತ ಅಜ್ಜಿಯಾದ ನನಗೇ ಸಮಾಧಾನ ಹೇಳಿದಳು:

"ಇರ್ಲಿ ಬಿಡು ಆಯಿ. ನಾಕರಾಗ ಮೂರು ಸುಡೂವಂಥಾವೇ ಇದ್ದುವು."

ಯಾರ ಮಾತಿಗೂ ಗಿರಣಿಗೆ ಹೋಗದ ಹುಡುಗಿ ಅಂದಿನಿಂದ ವಾರಕ್ಕೆರಡು ಸಲ ತಾನೇ ಜೋಳ ಬೀಸಿಸಿಕೊಂಡು ಬರುತ್ತಾಳೆ. ಕಾವ್ಯದಿಂದ ಏನುಪಯೋಗ ಎನ್ನುವವರು ನನ್ನ ಸೊಸೆಯನ್ನು ಕೇಳಿ!

ಈಚೆಗೆ ಇಂಡಿಯ ಕವಿಗೋಷ್ಠಿಗೆ ಅವಳನ್ನು ಕರೆದರು. ಮೊದಲ ವೇದಿಕೆ! ಹಿಂದಿನ ದಿನ ಬೆಳಿಗ್ಗೆ ಕಡೆಯ ಪರೀಕ್ಷೆ. ಹೊಸ ಹಿಟ್ಟು, ಕಾದ ಹಂಚು. ಎಲ್ಲ ಸಾಲೂ ಪಾಸು. ಕೊನೆಯದನ್ನು ಓದಿದಳು:

"ಆಯಿಯ ಅಂಗೈ ಗೆರೆಗಳನ್ನು ಒಂದೊಂದಾಗಿ ರೊಟ್ಟಿ ಒಯ್ದವು."

ರೊಟ್ಟಿ ನಟ್ಟನಡುವೆ ಹರಿಯಿತು. ಅವಳು ತುಟಿ ಕಚ್ಚಿ ಆ ಸಾಲು ಹೊಡೆದುಹಾಕಿ ಬಸ್ಸಿಗೆ ನಡೆದಳು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು.

ಸಂಜೆ ಬಂದವಳು ಹೊಸ ಸಾಲಿಗಾಗಿ ಹಾಳೆ ಮೇಲೆ ಹಾಳೆ ಹರಿದಳು. ಕೊನೆ ಸಿಗದಿದ್ದರೆ ನಾಳೆ ಹೋಗುವುದೇ ಇಲ್ಲ ಎಂದು ಹಟ ಹಿಡಿದಳು. ಹಟದಲ್ಲಿ ನನ್ನದೇ ರಕ್ತ!

"ಹಿಟ್ಟಿಗೆ ಜಿಗಿ ಇತ್ತವ್ವಾ," ಎಂದೆ. "ನನ್ನ ಕೈ ನಡುಗ್ತು. ಆ ಸಾಲು ತಗೀಬ್ಯಾಡ."

"ನನ್ನ ಸಮಾಧಾನಕ್ಕ ಹೇಳಾಕತ್ತಿ."

ಬಾಯಿಮಾತು ನಂಬದಿದ್ದರೆ ಬೇಡ! ಪೆನ್ನು ಕಸಿದುಕೊಂಡೆ. ಐವತ್ತು ವರ್ಷ ಸಹಿಯ ಹೊರತು ಏನೂ ಬರೆಯದ ಕೈ. ಕೇಳಿದ್ದನ್ನು ಮಾತ್ರ ಮರೆಯುವವಳಲ್ಲ. ಆ ಸಾಲನ್ನು ಅವಳೆದುರೇ ಬರೆದೆ. ಒಂದಕ್ಷರ ತಾಂಬಾದಲ್ಲಿ ಬಿದ್ದರೆ ಮುಂದಿನದು ಝಳಕಿಯಲ್ಲಿ! ಅವಳು ಆ ಹಾಳೆ ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಮರುದಿನ ನಾನು ಮೊದಲ ಸಾಲಿನ ಕುರ್ಚಿಯಲ್ಲಿ. ಅವಳು ಕೊನೆಯ ಸಾಲಿಗೆ ಬಂದು, ನನ್ನನ್ನು ನೋಡಿ ಅದನ್ನೇ ಓದಿದಳು. ಚಪ್ಪಾಳೆ ಎಷ್ಟೋ, ನಾನು ಕಣ್ಣೊರೆಸುವುದರಲ್ಲಿದ್ದೆ.

ಮರಳುವ ಬಸ್ಸಿನಲ್ಲಿ ಅವಳು ನೋಡಿ ಓದಿದ ಹಾಳೆ ಕೇಳಿ ನೋಡಿದೆ. ಪದ್ಯವನ್ನೆಲ್ಲ ಹತ್ತೊಂಬತ್ತನೇ ಸಲ ಮುತ್ತಿನಂತೆ ಬರೆದಿದ್ದಳು. ಕೊನೆಯ ಸಾಲನ್ನು ಮಾತ್ರ ಬರೆದಿರಲಿಲ್ಲ. ನನ್ನ ಸೊಟ್ಟ ಅಕ್ಷರದ ಚೂರನ್ನೇ ಕತ್ತರಿಸಿ, ಜೋಳದ ಹಿಟ್ಟು ಕಲಸಿ ಅಂಟಿಸಿದ್ದಳು. ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿದೆ. ಏಳಲಿಲ್ಲ.

ಹಿಟ್ಟಿಗೆ ಜಿಗಿ ಇತ್ತು.