ಹತ್ತಿರ ಇಟ್ಟ ಕಡತವನ್ನು ಕೈಬಿಡುವ ಕ್ರಮ

ಗಣಕ ಶಾಖೆ, ಹೊಸನಗರ
ಸಂಖ್ಯೆ: ಗ.ಶಾ./ಕೈಬಿಡು/೧೧(ಆ)/೮೯-೯೦
ದಿನಾಂಕ: ೧೧-೯-೧೯೮೯

ಸುತ್ತೋಲೆ

ವಿಷಯ: ಕಡತ ಯಂತ್ರವು ತನ್ನ ಹತ್ತಿರ ಇಟ್ಟುಕೊಂಡ ಕಡತಗಳನ್ನು ಅಪಾಯವಿಲ್ಲದೆ ಕೈಬಿಡುವ ಬಗ್ಗೆ.

ಉಲ್ಲೇಖ: (೧) ಶ್ರೀಮತಿ ದುಗ್ಗಮ್ಮನವರ ಬಾಯಿಮಾತಿನ ದೂರು, ದಿನಾಂಕ ೭-೯-೧೯೮೯.
(೨) ಅದೇ ದೂರು, ಇನ್ನಷ್ಟು ಗಟ್ಟಿಯಾಗಿ, ಅದೇ ದಿನ ಮಧ್ಯಾಹ್ನ.

ಹೊಸನಗರದ ಕಡತ ಯಂತ್ರದಲ್ಲಿರುವ ಕಡತಗಳನ್ನು ಸಾಗರ ಮತ್ತು ತೀರ್ಥಹಳ್ಳಿ ಕಚೇರಿಗಳು ದೂರವಾಣಿ ತಂತಿಯ ಮೂಲಕ ತೆರೆದು ಓದುತ್ತಿರುವುದು ಸರಿಯಷ್ಟೆ. ಕೇಳಿದಾಗಲೆಲ್ಲ ಡಿಸ್ಕಿನಿಂದ ಹೊಸದಾಗಿ ತೆಗೆಯುವುದು ತಡವಾಗುವುದರಿಂದ, ಒಮ್ಮೆ ತೆಗೆದ ಕಡತವನ್ನು ಯಂತ್ರವು ಕೆಲಕಾಲ ತನ್ನ ಹತ್ತಿರವೇ, ಮೆಮೊರಿಯಲ್ಲಿ, ಇಟ್ಟುಕೊಳ್ಳುತ್ತದೆ. ಅಲ್ಲಿ ನಲವತ್ತು ಕಡತಗಳಿಗೆ ಮಾತ್ರ ಜಾಗವಿದೆ. ಜಾಗ ತುಂಬಿದಾಗ ಯಾವುದನ್ನು ಬಿಡಬೇಕೆಂಬುದನ್ನು ಯಂತ್ರದ ಒಳಗಿನ ಕರ್ನೆಲ್ ಎಂಬ ಪ್ರೋಗ್ರಾಮು ತೀರ್ಮಾನಿಸುತ್ತದೆ. ಅದರಲ್ಲಿ ಕೈಬಿಡುವ ಭಾಗವನ್ನು ಬರೆದವರು ಪ್ರೋಗ್ರಾಮರ್ ಶ್ರೀ ಸೀತಾರಾಮಪ್ಪ.

ದಿನಾಂಕ ೨೮-೮-೧೯೮೯ರಂದು ತೀರ್ಥಹಳ್ಳಿಯ ಬೆರಳಚ್ಚುಗಾರ್ತಿ ಶ್ರೀಮತಿ ಪುಷ್ಪಮ್ಮ ಅಣೆಕಟ್ಟೆಯ ನೀರಿನಲ್ಲಿ ಮನೆ ಮುಳುಗಡೆಯಾದವರ ನಿವೇಶನ ಪಟ್ಟಿಯನ್ನು ತೆರೆದು ಹಂಚಿಕೆ ಪತ್ರಗಳನ್ನು ಅಚ್ಚು ಮಾಡುತ್ತಿದ್ದರು. ಅವರು ಓದುತ್ತಿರುವಾಗಲೇ ಯಂತ್ರವು ಆ ಕಡತವನ್ನು ಕೈಬಿಟ್ಟು, ಅದೇ ಜಾಗದಲ್ಲಿ ಸಾಗರ ಕಚೇರಿಯ ಗಣೇಶ ಪೂಜೆಯ ಸಾಮಾನು ಪಟ್ಟಿಯನ್ನು ತಂದು ಇರಿಸಿತು. ಪರಿಣಾಮವಾಗಿ ೩೧ನೇ ನಿವೇಶನವು 'ರವೆ, ಎರಡು ಸೇರು' ಎಂಬವರಿಗೆ ಮಂಜೂರಾಗಿರುತ್ತದೆ. ಸದರಿಯವರು ಈವರೆಗೆ ಪತ್ತೆಯಾಗಿಲ್ಲ.

ನಿವೇಶನದ ನಿಜವಾದ ಹಕ್ಕುದಾರರು, ಮಾಸ್ತಿಕಟ್ಟೆಯ ಬಳಿ ಮನೆ ನೀರಿನಡಿಗೆ ಹೋದ ಶ್ರೀಮತಿ ದುಗ್ಗಮ್ಮ. ಎರಡು ಮಳೆಗಾಲವನ್ನು ಅವರು ತಂಗಿಯ ಮನೆಯ ಜಗಲಿಯಲ್ಲಿ ಕಳೆದಿದ್ದಾರೆ. ಈ ತಿಂಗಳ ೩೦ರೊಳಗೆ ಪಟ್ಟಿ ಸರಿಯಾಗದಿದ್ದಲ್ಲಿ ನಿವೇಶನವು ಮುಂದಿನ ಅರ್ಜಿದಾರರಿಗೆ ಹೋಗುತ್ತದೆ. ದುಗ್ಗಮ್ಮನವರು ತೀರ್ಥಹಳ್ಳಿಯ ಕಚೇರಿಗೆ ಬಂದು ಹೇಳಿದ್ದನ್ನು, ವಿಚಾರಣೆಗೆಂದು ಅಲ್ಲಿಗೆ ಹೋಗಿದ್ದ ಶ್ರೀ ಸೀತಾರಾಮಪ್ಪನವರ ಸಮಕ್ಷಮದಲ್ಲಿ ಇದ್ದಂತೆಯೇ ದಾಖಲಿಸಲಾಗಿದೆ:

ದುಗ್ಗಮ್ಮ: "ಎಂತ ತಂಗಿ ಇದು? ನಂಗೆ ರವೆ ಅಂತ ಯಾರು ಹೆಸ್ರಿಟ್ಟಿದ್ದು?"
ಪುಷ್ಪಮ್ಮ: "ಯಂತ್ರ ಕೊಟ್ಟಿದ್ದನ್ನ ಅಚ್ಚು ಹಾಕ್ದೆ ದುಗ್ಗಮ್ಮಕ್ಕಾ. ನಾನೆಂತ ಮಾಡ್ಲಿ?"
ದುಗ್ಗಮ್ಮ: "ಯಂತ್ರಕ್ಕೆ ಕಣ್ಣಿಲ್ಲ, ಬಿಡು. ನಿಂಗೆ ಇತ್ತಲ್ಲ ಮಾರಾಯ್ತಿ! ಎರಡು ಸೇರಿನ ಮೇಲೆ ಸೀಲು ಬೇರೆ ಹೊಡ್ದಿದೀಯ!"
ಸೀತಾರಾಮಪ್ಪ: "ಯಂತ್ರ ನೋಡೇ ಬಿಟ್ಟಿದ್ದಮ್ಮಾ. ನೋಡ್ದಾಗ ಯಾರೂ ಓದ್ತಿರ್ಲಿಲ್ಲ."
ದುಗ್ಗಮ್ಮ: "ನೋಡಿ ಎಷ್ಟು ಹೊತ್ತಿಗೆ ಬಿಡ್ತು? ಬೆಂಚು ಖಾಲಿ ಅಂತ ನೋಡಿ, ಎಲೆ ಅಡಿಕೆ ಹಾಕ್ಕೊಂಡು, ಆಮೇಲೆ ಬೆಂಚು ಎಳುದ್ರೆ ನಡುವೆ ಬಂದು ಕೂತವ್ರ ಗತಿ ಎಂತ ಸ್ವಾಮಿ?"

ತಾಂತ್ರಿಕ ಸಮಿತಿಯು ಮೂರು ದಿನ ಸಭೆ ಸೇರಿ, ದೋಷವು ಇದೇ ಎಂದು ಕಂಡುಕೊಂಡಿದೆ: ಯಂತ್ರವು ನೋಡಿದ್ದಕ್ಕೂ ಬಿಟ್ಟಿದ್ದಕ್ಕೂ ನಡುವೆ ಪುಷ್ಪಮ್ಮ ಪಟ್ಟಿಯನ್ನು ತೆರೆದಿದ್ದರು.

ಜಾಗ ತುಂಬಿದ್ದೇಕೆ ಎಂಬುದೂ ತಿಳಿದುಬಂದಿದೆ. ನೆರೆಮನೆಯಿಂದ ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿಯಂತೆ, ಸಿಬ್ಬಂದಿಯು ಕಡತವನ್ನು ಓದಿ ಮುಚ್ಚುವ ಮುನ್ನ ಅದರ ಕೊನೆಯಲ್ಲಿ 'ಬೆಲ್ಲ, ಒಂದು ಅಚ್ಚು' ಎಂದು ಬರೆಯುತ್ತಿದ್ದರು. ಒಂದಕ್ಷರ ಬದಲಾದ ಕಡತವನ್ನೂ ಡಿಸ್ಕಿಗೆ ಬರೆದಿಡದೆ ಯಂತ್ರವು ಬಿಡುವಂತಿಲ್ಲ. ಹೀಗೆ ಮೂವತ್ತೊಂಬತ್ತು ಕಡತಗಳು ಬೆಲ್ಲ ಹಿಡಿದು ಸಾಲಿನಲ್ಲಿ ನಿಂತಿದ್ದು, ಯಾರೂ ಏನೂ ಸೇರಿಸದ ಒಂದೇ ಕಡತವಾದ ನಿವೇಶನ ಪಟ್ಟಿಯು ಯಂತ್ರದ ಕೈಗೆ ಸಿಕ್ಕಿತು.

ಆದ್ದರಿಂದ ಎಲ್ಲರಿಗೂ ಈ ಕೆಳಗಿನಂತೆ ಆದೇಶಿಸಲಾಗಿದೆ.

೧. ಪ್ರತಿ ಕಡತಕ್ಕೂ ಒಂದು ಎಣಿಕೆ ಇರತಕ್ಕದ್ದು. ತೆರೆದಾಗ ಒಂದನ್ನು ಕೂಡಿಸಿ ಮುಚ್ಚಿದಾಗ ಒಂದನ್ನು ಕಳೆಯತಕ್ಕದ್ದು. ಎಣಿಕೆ ಸೊನ್ನೆಯಾಗದ ಕಡತವನ್ನು ಬಿಡಕೂಡದು. ಸೊನ್ನೆಗಿಂತ ಕೆಳಗಿಳಿದಲ್ಲಿ, ತೆರೆಯದೆಯೇ ಮುಚ್ಚಿದವರು ಯಾರೆಂದು ವಿಚಾರಿಸತಕ್ಕದ್ದು.

೨. ನೋಡುವುದು ಮತ್ತು ಬಿಡುವುದು ಒಂದೇ ಬೀಗದೊಳಗೆ ನಡೆಯತಕ್ಕದ್ದು. ಬೀಗ ಹಾಕಿರುವಷ್ಟು ಹೊತ್ತು ಆ ಕಡತವನ್ನು ಯಾರೂ ತೆರೆಯಲಾಗದು. ಈ ಎರಡರ ನಡುವೆ ಎಲೆ ಅಡಿಕೆ ನಿಷಿದ್ಧ. ಯಂತ್ರವು ಎಲೆ ಅಡಿಕೆ ಹಾಕುವುದಿಲ್ಲವೆಂಬ ಶ್ರೀ ಸೀತಾರಾಮಪ್ಪನವರ ಸಮಜಾಯಿಷಿಯನ್ನು ಒಪ್ಪಲಾಗಿಲ್ಲ.

೩. ಕಡತದಲ್ಲಿ ಬೆಲ್ಲ ಬರೆಯಬಾರದು. ರೂಢಿಯನ್ನು ಬಿಡಲಾರದವರು ನಿಜವಾದ ಬೆಲ್ಲವನ್ನು ಯಂತ್ರದಿಂದ ಆರು ಅಡಿ ದೂರದಲ್ಲಿ ಬಟ್ಟಲಿನಲ್ಲಿ ಇಡಬಹುದು. ಇರುವೆಗಳು ಬಂದಲ್ಲಿ ಅವುಗಳನ್ನು ಒಂದನೇ ಕಲಮಿನ ಎಣಿಕೆಗೆ ಸೇರಿಸಕೂಡದು.

೪. ಈಗಾಗಲೇ ಬರೆದಿರುವ ೬೧೨ ಅಚ್ಚು ಬೆಲ್ಲವನ್ನು ದಾಸ್ತಾನು ಎಂದು ತಿಳಿಯತಕ್ಕದ್ದಲ್ಲ. ಸಾಗರದ ಉಗ್ರಾಣಪಾಲಕ ಶ್ರೀ ಗೋಪಾಲಪ್ಪನವರು ಹಾಗೆ ತಿಳಿದು, ಇಲಿ ತಿಂದದ್ದೆಂದು ನಾಲ್ಕು ಅಚ್ಚು ಕಡಿಮೆ ತೋರಿಸಿದ್ದಾರೆ. ಅವರಿಂದ ವಿವರಣೆಯನ್ನೂ, ಸಾಧ್ಯವಾದಲ್ಲಿ ಇಲಿಯನ್ನೂ ಕೇಳಲಾಗಿದೆ.

೫. ಒಬ್ಬರು ಉಂಡೆದ್ದ ಎಲೆಯಲ್ಲಿ ಇನ್ನೊಬ್ಬರಿಗೆ ಬಡಿಸುವುದಿಲ್ಲ. ಮೆಮೊರಿಗೂ ಇದು ಅನ್ವಯಿಸುತ್ತದೆ. ಕೈಬಿಟ್ಟ ಜಾಗವನ್ನು ಪೂರ್ತಿ ಒರೆಸಿದ ಮೇಲೆಯೇ ಬೇರೆ ಕಡತವನ್ನು ಕೂರಿಸತಕ್ಕದ್ದು. ಒರೆಸಲು ನೀರು ಬಳಸಬಾರದು. ಸಾಗರದಲ್ಲಿ ಬಳಸಲಾಗಿದೆ.

೬. ಕೈಬಿಡುವುದೆಂದರೆ ಅಳಿಸುವುದಲ್ಲ. ಹತ್ತಿರದಿಂದ ಹೋದ ಕಡತ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಕಣ್ಣೆದುರು ಇಲ್ಲದ ಮಾತ್ರಕ್ಕೆ ಇಲ್ಲವೆಂದು ಯಾರೂ ಷರಾ ಬರೆಯತಕ್ಕದ್ದಲ್ಲ.

೭. ತಿದ್ದಿದ ನಿವೇಶನ ಪಟ್ಟಿಯಲ್ಲಿ ೩೧ನೇ ಸಾಲನ್ನು ಶ್ರೀಮತಿ ಪುಷ್ಪಮ್ಮ ಗಟ್ಟಿಯಾಗಿ ಓದಿ ಹೇಳಿ, ದುಗ್ಗಮ್ಮನವರು "ಹೌದು, ಅದು ನಾನೇಯ" ಎಂದ ಮೇಲೆಯೇ ಕಡತವನ್ನು ಮುಚ್ಚತಕ್ಕದ್ದು. ಇದು ಇಂದು ಬೆಳಿಗ್ಗೆ ೧೧-೪೦ಕ್ಕೆ ನೆರವೇರಿದ್ದು, ಹೊಸ ಪತ್ರವನ್ನು ಅವರ ಕೈಗೇ ಕೊಡಲಾಗಿದೆ. ಅವರು ಆ ಸಾಲನ್ನು ಮೂರು ಸಲ ಓದಿಸಿಕೊಂಡರು. ಮೂರನೆಯ ಸಲದ ಅಗತ್ಯವೇನಿತ್ತು ಎಂಬ ಪ್ರಶ್ನೆಯನ್ನು ಯಾರೂ ಎತ್ತಕೂಡದು.

ಈ ಆದೇಶವು ಬೆಂಚುಗಳಿಗೂ ಅನ್ವಯಿಸುತ್ತದೆ.

(ಸಹಿ)
ಸುಬ್ಬರಾಯ
ಮೇಲ್ವಿಚಾರಕರು, ಗಣಕ ಶಾಖೆ

ಪ್ರತಿಗಳು:
೧. ಶ್ರೀ ಸೀತಾರಾಮಪ್ಪ, ಪ್ರೋಗ್ರಾಮರ್: ಕರ್ನೆಲಿಗೆ ಓದಿ ಹೇಳಲು.
೨. ಶ್ರೀಮತಿ ಪುಷ್ಪಮ್ಮ, ತೀರ್ಥಹಳ್ಳಿ: ಸೀಲನ್ನು ಒಂದು ವಾರ ಕಪಾಟಿನಲ್ಲಿಡುವ ಸೂಚನೆಯೊಂದಿಗೆ.
೩. ಶ್ರೀ ಗೋಪಾಲಪ್ಪ, ಸಾಗರ: ಹಿಂದಿರುಗಿಸುವಾಗ ಏನನ್ನೂ ಸೇರಿಸದಂತೆ.
೪. ಕಚೇರಿ ಪ್ರತಿ: ಹತ್ತಿರ ಇಡಲು.
೫. ಶ್ರೀಮತಿ ದುಗ್ಗಮ್ಮ, ನಿವೇಶನ ಸಂಖ್ಯೆ ೩೧: ಅಲ್ಲಿ ಇನ್ನೂ ಮನೆಯಾಗಲಿ ಬಾಗಿಲಾಗಲಿ ಇಲ್ಲದ್ದರಿಂದ, ಅಂಚೆಯವರು ಪಾಯ ಅಗೆಯುತ್ತಿರುವ ಅವರನ್ನೇ ಹೆಸರು ಹಿಡಿದು ಕರೆಯತಕ್ಕದ್ದು.