ನಿರ್ದೇಶಕರು ಒರೆಸಿದ ಗಾಜು

ಪ್ರಯೋಗಾಲಯದಲ್ಲಿ ಅವನಿಗೆ ಎಲ್ಲರೂ ಇಟ್ಟ ಹೆಸರು ಉಸಿರಪ್ಪ. ಅವನ ಮೇಜಿನ ಹತ್ತಿರ ಯಾರು ಸುಳಿದರೂ ‘ಸ್ವಲ್ಪ ಉಸಿರು ಬಿಗಿಹಿಡಿದು ನಿಲ್ಲಿ’ ಅನ್ನುವನು. ಅವನ ತಪ್ಪೂ ಅಲ್ಲ. ಅವನು ಮಾಡುತ್ತಿದ್ದದ್ದು ಗ್ರಾಫೀನ್ ಎಲೆಕ್ಟ್ರೋಡು. ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯನ್ನು ಗಾಜಿನ ಚೂರಿನ ಮೇಲೆ ಹಾಸಬೇಕು. ಅದರ ಮೇಲೆ ಇಲಿಯ ಮಿದುಳಿನ ಹೋಳು ಇಟ್ಟರೆ ನರಕೋಶಗಳ ಪಿಸುಮಾತು ಪರದೆಯಲ್ಲಿ ಅಲೆಯಾಗಿ ಏಳಬೇಕು. ವರ್ಷವಿಡೀ ಹಾಳೆ ಹರಿಯಿತು, ಸುಕ್ಕುಗಟ್ಟಿತು. ಕೊನೆಗೆ ಒಂದೇ ಒಂದು ನೆಟ್ಟಗೆ ಕೂತಿತು.

ಅನುದಾನ ಮಂಡಳಿಯ ಮೇಡಂ ಅದನ್ನು ನೋಡಲು ಬರುವ ದಿನ. ಅವರು ಮೆಚ್ಚಿದರೆ ಉಸಿರಪ್ಪನ ನೌಕರಿ ಕಾಯಂ. ಮಿದುಳಿನ ಹೋಳು ತರಲು ಅವನು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ನಿರ್ದೇಶಕರು ಗಾಜನ್ನು ಬೆಳಕಿಗೆ ಹಿಡಿದು, ಕರವಸ್ತ್ರದಿಂದ ಕನ್ನಡಕ ಒರೆಸುವಂತೆ ಗಸಗಸ ತಿಕ್ಕುತ್ತಿದ್ದರು.

“ಏನ್ರೀ, ಮೇಡಂ ಬರೋ ಹೊತ್ತಿಗೆ ಗಾಜಿನ ಮೇಲೆ ಮಬ್ಬು? ನಾನು ನೋಡದಿದ್ರೆ ಮರ್ಯಾದೆ ಹೋಗ್ತಿತ್ತು.”

ಒರೆಸಿಹೋದದ್ದು ಮಬ್ಬಲ್ಲ, ನೆಟ್ಟಗೆ ಕೂತಿದ್ದ ಆ ಒಂದೇ ಒಂದು ಹಾಳೆ. ನಿರ್ದೇಶಕರು ಗ್ರಾಫೀನ್ ಬಗ್ಗೆ ದೇಶದೇಶಗಳಲ್ಲಿ ಭಾಷಣ ಮಾಡಿದ್ದರು. ಕಣ್ಣಾರೆ ನೋಡುವಷ್ಟು ಪುರಸೊತ್ತು ಮಾತ್ರ ಸಿಕ್ಕಿರಲಿಲ್ಲ.

ಅವನು ಪಕ್ಕದ ಮೇಜಿನ ಸಹೋದ್ಯೋಗಿಯ ಕಿವಿಯಲ್ಲಿ ಸಂಗತಿ ಉಸುರಿದ. ಆಕೆಗೆ ಬೇರೆಯವರ ಗೋಳೆಂದರೆ ಮಧ್ಯಾಹ್ನದ ಊಟಕ್ಕಿಂತ ರುಚಿ. “ಬಾಯಿ ಮುಚ್ಕೊಂಡು ಹೋಳು ಇಡಿ. ಇದ್ದಾಗಲೂ ಅದು ಯಾರಿಗೆ ಕಾಣ್ತಿತ್ತು?” ಅಂದಳು.

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು. ಉಸಿರಪ್ಪ ಬೋಳು ಗಾಜಿನ ಮೇಲೆ ಹೋಳು ಇಟ್ಟ. ಪರದೆಯಲ್ಲಿ ಗೆರೆ ಸತ್ತ ಹಾವಿನಂತೆ ಮಲಗಿತ್ತು. ನಿರ್ದೇಶಕರು ಅಲೆ ಹಿಡಿಯುವ ಯಂತ್ರಕ್ಕೆ ಒರಗಿ ವಿವರಿಸತೊಡಗಿದರು. ತಟ್ಟನೆ ಗೆರೆ ಕುಣಿಯಿತು. ನಿಂತಿತು. ಮತ್ತೆ ಕುಣಿಯಿತು.

“ನೋಡಿ ಮೇಡಂ, ನರಕೋಶಗಳು ಮಾತಾಡ್ತಿವೆ. ಇಡೀ ಕಲ್ಪನೆ ನಂದೇ.”

“ನಾನೂ ಸ್ವಲ್ಪ ಕೈ ಜೋಡಿಸಿದ್ದೆ,” ಅಂತ ಸಹೋದ್ಯೋಗಿ ಮುಂದೆ ಬಂದಳು.

ಮಾತಾಡುತ್ತಿದ್ದದ್ದು ನರಕೋಶಗಳಲ್ಲ, ನಿರ್ದೇಶಕರ ಮನೆಯವರು. ಕೋಟಿನ ಜೇಬಿನಲ್ಲಿ ಫೋನು ಗುರ್ರೆಂದಾಗಲೆಲ್ಲ ಗೆರೆ ಕುಣಿಯುವುದನ್ನು ಉಸಿರಪ್ಪ ಗಮನಿಸಿದ. ಒಂದು ವರ್ಷದ ದುಡಿಮೆ ಕರವಸ್ತ್ರದ ಪಾಲಾಗಿ, ಅದರ ಹೆಸರಿನಲ್ಲಿ ಇವರು ಮೆರೆಯುವುದನ್ನು ನೋಡಿ ಅವನ ಹೊಟ್ಟೆ ಉರಿಯಿತು. ನೌಕರಿ ಹಾಳಾಗಿ ಹೋಗಲಿ ಅನ್ನಿಸಿತು.

“ಸಾರ್, ಆ ಗಾಜಿನ ಮೇಲೆ ಗ್ರಾಫೀನೇ ಇಲ್ಲ. ನೀವು ಆಗಲೇ ಒರೆಸಿ ಹಾಕಿದ್ರಿ.”

ಮೇಡಂ ಹುಬ್ಬೇರಿಸಿದರು. ನಿರ್ದೇಶಕರ ಮುಖ ಒಂದು ಗಳಿಗೆ ಸುಣ್ಣದಂತಾಗಿ, ಮರುಗಳಿಗೆಯೇ ಬೆಳಗಿತು.

“ಹೌದು ಮೇಡಂ, ಕೊನೆಗೆ ಹೇಳೋಣ ಅಂತಿದ್ದೆ, ಇವರಿಗೆ ತಾಳ್ಮೆ ಇಲ್ಲ. ಜಗತ್ತೆಲ್ಲ ಗ್ರಾಫೀನ್ ಬೇಕು ಅಂತ ಒದ್ದಾಡ್ತಿದೆ. ಬರೀ ಗಾಜೇ ಸಾಕು ಅಂತ ನಾನು ನಿಮ್ಮ ಕಣ್ಣೆದುರೇ ತೋರಿಸಿದೆ.”

“ಸಾರ್, ಅದು ನಿಮ್ಮ ಫೋನಿ...” ಅಂದ ಉಸಿರಪ್ಪನ ಮಾತು ಸಹೋದ್ಯೋಗಿಯ ಚಪ್ಪಾಳೆಯಲ್ಲಿ ಮುಳುಗಿತು. ಮೇಡಂ ನಿರ್ದೇಶಕರ ಕೈ ಕುಲುಕಿ, ಅನುದಾನ ಇಮ್ಮಡಿ ಮಾಡುವುದಾಗಿ ಹೇಳಿದರು. ಆಮೇಲೆ ಉಸಿರಪ್ಪನ ಕಡೆ ತಿರುಗಿ ವಿಶ್ವಾಸದಿಂದ ಕೇಳಿದರು:

“ನೀವು ಇಲ್ಲಿ ಏನು ಮಾಡ್ತೀರಿ?”

“ಗ್ರಾಫೀನ್, ಮೇಡಂ.”

“ಅಯ್ಯೋ ಪಾಪ,” ಅಂದರು ಮೇಡಂ.