ಎತ್ತಿಗೊಂದು ಸೋಮವಾರ

ಕೆಲಸ ಹೋದ ಗಂಡಸಿಗಿಂತ ಭಾರವಾದ ವಸ್ತು ಸಂಸಾರದಲ್ಲಿ ಮತ್ತೊಂದಿಲ್ಲ. ಬೀಸುವ ಕಲ್ಲೂ ಭಾರವೇ, ಆದರೆ ಅದು ಒಂದು ಮೂಲೆ ಹಿಡಿದು ಕೂತರೆ ಕೂತಿತು. ರೊಟ್ಟಿ ಹೀಗೆ ಬಡಿ, ಒಲೆಗೆ ಕಟ್ಟಿಗೆ ಹಾಗೆ ಇಡು ಎಂದು ಬುದ್ಧಿ ಹೇಳುವುದಿಲ್ಲ. ನನಗೆ ಓದು ಅಷ್ಟಕ್ಕಷ್ಟೆ. ನಿಜಾಮರ ಕಾಲದಲ್ಲಿ ಶಾಲೆ ಎಂದರೆ ಉರ್ದು, ಅದೂ ಗಂಡುಹುಡುಗರಿಗೆ. ಊರ ಮಠದ ಕಟ್ಟೆಯ ಮೇಲೆ ಅಯ್ಯನವರು ಉಸುಕಿನಲ್ಲಿ ತಿದ್ದಿಸಿದ ಕನ್ನಡ ಅಕ್ಷರಗಳೇ ನನ್ನ ಆಸ್ತಿ. ಆದರೆ ಕೆಲಸ ಕಳೆದುಕೊಂಡ ಗಂಡಸಿನ ವಿಷಯಕ್ಕೆ ಬಂದರೆ ಯಾವ ಪಂಡಿತನನ್ನು ಬೇಕಾದರೂ ಕೂಡಿಸಿ ಪಾಠ ಹೇಳಬಲ್ಲೆ.

ಆ ಗಂಡಸು ನಮ್ಮವರು. ಹೆಸರು ಕೇಳಬೇಡಿ. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ಹೇಳಿ ಕಳಿಸಿದ್ದಳು. ಹೀಗಾಗಿ ಬಾಯಿಗೆ ಬಂದದ್ದನ್ನೆಲ್ಲ ಅವರಿಗೆ ಅಂದಿದ್ದೇನೆ, ಹೆಸರೊಂದನ್ನು ಬಿಟ್ಟು. ನಮ್ಮದು ದಂಡೋತಿ. ಅಲ್ಲಿ ಅಣ್ಣತಮ್ಮಂದಿರ ಒಟ್ಟು ಮನೆಯಲ್ಲಿ ನನ್ನ ನೆಗೆಣ್ಣಿಯದೇ, ಅಂದರೆ ಇವರ ಅಣ್ಣನ ಹೆಂಡತಿಯದೇ, ಆಡಳಿತ. ಅವಳು ಮಲಗಿದ್ದಾಗಲೂ ಅಡುಗೆಮನೆಯಲ್ಲಿ ಅವಳ ಕಣ್ಣು ತೆರೆದೇ ಇರುತ್ತಿತ್ತು. ನಮ್ಮವರಿಗೆ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಗಾಡಿ ಹೊಡೆಯುವ ಕೆಲಸ ಸಿಕ್ಕಾಗ ಅವರಿಗಿಂತ ಮೊದಲು ಗಂಟು ಕಟ್ಟಿದವಳು ನಾನು. ಹೊಸ್ತಿಲು ದಾಟುವಾಗ ಸುಮ್ಮನೆ ದಾಟಬಾರದಿತ್ತೆ? "ಯಕ್ಕಾ, ನಾ ತಿರುಗಿ ಬಂದು ನಿನ್ನ ಬೀಸುಕಲ್ಲು ಮುಟ್ಟಿದ್ರ ಕೇಳು" ಅಂದುಬಿಟ್ಟೆ. "ಹೋಗವಾ ಹೋಗು, ಕಲ್ಲು ಎಲ್ಲೀಗೂ ಓಡಿ ಹೋಗಂಗಿಲ್ಲ" ಅಂದಳು.

ಖಣಿಯಿಂದ ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಗಾಡಿಗೆ ಹೇರಿ ರೈಲಿನ ಹಳಿಯ ಹತ್ತಿರ ಒಯ್ದು ಇಳಿಸುವುದು ಕೆಲಸ. ಗಾಡಿ ಗುತ್ತೇದಾರರದು, ಎತ್ತು ಗುತ್ತೇದಾರರವು. ಒಂದು ಕೆಂದ್ಯಾ, ಇನ್ನೊಂದು ಹಣೆಯಲ್ಲಿ ಬಿಳಿ ಚುಕ್ಕೆಯ ಚಂದ್ಯಾ. ಗುತ್ತೇದಾರರು ಮುಂಬಯಿ ಕಡೆಯ ಮನುಷ್ಯ. ರವಿವಾರ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಲೆಕ್ಕ ನೋಡುವ ಮುನ್ಷಿ ಖಾಸಿಂಸಾಬರಿಗೆ ಶುಕ್ರವಾರ ಜುಮ್ಮಾ. ನಮ್ಮವರಿಗೆ ಸೋಮವಾರ. ಅಂದರೆ ನಮ್ಮವರಿಗಲ್ಲ, ಎತ್ತಿಗೆ. ಸೋಮವಾರ ಬಸವಣ್ಣನ ವಾರ, ಆ ದಿನ ಎತ್ತಿನ ಕೊರಳಿಗೆ ನೊಗ ಇಡಬಾರದು. ನಮ್ಮ ಕಡೆಯ ಒಕ್ಕಲಿಗರ ಮನೆಯಲ್ಲಿ ಕೂಸಿಗೂ ಗೊತ್ತಿರುವ ಮಾತು. ಸೋಮವಾರ ನಮ್ಮವರು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೇವಿನ ಗಿಡದ ಕೆಳಗೆ ಕಟ್ಟಿ, ತಾವೂ ಅವುಗಳ ಪಕ್ಕ ಉರುಳುತ್ತಿದ್ದರು. ಬಸವಣ್ಣನ ಹೆಸರಿನಲ್ಲಿ ಯಾರು ಹೆಚ್ಚು ನಿದ್ದೆ ಮಾಡಿದರು ಎಂದು ನಾನು ಯಾವತ್ತೂ ಕೇಳಲಿಲ್ಲ.

ಮೊದಲೆಲ್ಲ ಗೂಡ್ಸ್ ಗಾಡಿ ಸೋಮವಾರ ಬರುತ್ತಿರಲಿಲ್ಲವಾದ್ದರಿಂದ ಇದು ನಡೆದುಹೋಯಿತು. ಒಮ್ಮೆ ಬಂದು ನಿಂತಿತು. ಗುತ್ತೇದಾರರು ಬೇವಿನ ಗಿಡದ ತನಕ ತಾವೇ ನಡೆದು ಬಂದು, "ಗಾಡಿ ಹೂಡು" ಅಂದರಂತೆ.

"ಇವತ್ತು ಸೋಮವಾರರೀ."

"ಎತ್ತು ಯಾರವು?"

"ಎತ್ತು ನಿಮ್ಮವೇ ರೀ ಸಾಹುಕಾರ್ರ. ವಾರ ಬಸವಣ್ಣಂದು."

"ಹಂಗಾದ್ರ ಪಗಾರನೂ ಬಸವಣ್ಣನ ಹತ್ರಾನೇ ಇಸಗೋ" ಎಂದು ಗುತ್ತೇದಾರರು ಅಲ್ಲೇ ಕೆಲಸ ಬಿಡಿಸಿದರು. ನಮ್ಮವರು ಮನೆಗೆ ಬಂದು ಗೆದ್ದವರ ಹಾಗೆ ಹೇಳಿದರು. ನಾನು ಹಿಟ್ಟಿನ ಕೈಯಲ್ಲೇ ನಿಂತು, "ಎತ್ತಿಗಿ ವಾರಕ್ಕ ಒಂದು ಸೋಮವಾರ. ನಿಮಗ ಇನ್ನ ದಿನಾ ಸೋಮವಾರ. ಪುಣ್ಯ ಮಾಡೀರಿ" ಅಂದೆ.

ಮನೆಯಲ್ಲಿ ಕೂತರೆ ಅವರ ಕೈ ಸುಮ್ಮನಿರಲಿಲ್ಲ. ನೆಟ್ಟಗಿದ್ದ ಹೊರಸನ್ನು ಬಿಚ್ಚಿ ಹೆಣೆದರು. ಅದರ ಮೇಲೆ ಮಲಗಿದವರೆಲ್ಲ ಬೆಳಗಾಗುವಷ್ಟರಲ್ಲಿ ಒಂದೇ ಕಡೆ ಉರುಳಿರುತ್ತಿದ್ದರು. ಕೋಳಿಗಳನ್ನು ಗೂಡಿಗೆ ಸೇರಿಸುವಾಗ "ಹೈ, ಹೈ" ಎಂದು ನಾಲಿಗೆ ಲೊಚಗುಟ್ಟುತ್ತಿದ್ದರು. ಕೋಳಿಗಳು ಅವರ ಮುಖ ನೋಡಿ ನಿಲ್ಲುತ್ತಿದ್ದವು. ನನ್ನ ರೊಟ್ಟಿಬುಟ್ಟಿಯಿಂದ ದಿನವೂ ಎರಡು ರೊಟ್ಟಿ ಕಾಣೆಯಾಗುತ್ತಿದ್ದವು. ಬೆಕ್ಕಿನ ಮೇಲೆ ಸಂಶಯಪಟ್ಟು ಅದಕ್ಕೆ ಒಂದು ಏಟು ಹಾಕಿಯೂ ಆಗಿತ್ತು. ಆಮೇಲೆ ನೋಡಿದರೆ ಇವರು ಆ ರೊಟ್ಟಿಗಳನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ಖಣಿಯ ಹಿಂದಿನಿಂದ ಹೋಗಿ ಕೆಂದ್ಯಾ, ಚಂದ್ಯಾರಿಗೆ ತಿನ್ನಿಸಿ ಬರುತ್ತಿದ್ದರು. ಕೆಲಸದಿಂದ ತೆಗೆದವರ ಎತ್ತಿಗೆ, ಕೆಲಸವಿಲ್ಲದ ಮನೆಯ ರೊಟ್ಟಿ! ಬೈಯಬೇಕೆಂದು ಬಾಯಿ ತೆರೆದೆ. "ಹೊಸ ಗಾಡಿಯಾಂವ ಅವಕ್ಕ ಮಾತಾಡ್ಸಂಗಿಲ್ಲ ಅಂತೀನಿ, ಬರೀ ಬಾರಕೋಲು" ಅಂದರು. ಮರುದಿನದಿಂದ ಎರಡು ರೊಟ್ಟಿ ಹೆಚ್ಚಿಗೆ ಬಡಿದೆ. ಇದನ್ನು ಅವರಿಗೆ ಹೇಳಲಿಲ್ಲ. ಗಂಡಸರಿಗೆ ಸಲಿಗೆ ಕೊಟ್ಟರೆ ಕೆಡುತ್ತಾರೆ.

ಕೆಲಸ ಹುಡುಕಲಿಲ್ಲವೆಂದರೆ ಸುಳ್ಳಾಗುತ್ತದೆ. ಚಿತ್ತಾಪುರದ ಕಚೇರಿಯಲ್ಲಿ ಚಪರಾಸಿ ಬೇಕಂತೆ ಎಂದು ಸುದ್ದಿ ಬಂತು. ಹಳೆಯ ರುಮಾಲನ್ನು ಗಂಜಿ ಹಾಕಿ ಕೊಟ್ಟೆ, ಹೋದರು. ಆ ದಿನ ಶುಕ್ರವಾರ, ನಿಜಾಮರ ಸರ್ಕಾರಕ್ಕೆ ರಜೆ, ಕಚೇರಿಗೆ ಬೀಗ. ಸೋಮವಾರಕ್ಕಾಗಿ ಕೆಲಸ ಬಿಟ್ಟ ಮನುಷ್ಯನಿಗೆ ಶುಕ್ರವಾರ ನೆನಪಿರಲಿಲ್ಲ. ಮತ್ತೊಮ್ಮೆ ಹೋದಾಗ ಉರ್ದು ಮಾತಾಡಿಸಿ ನೋಡಿದರಂತೆ. ಇವರಿಗೆ ಬರುವ ಉರ್ದು ಹಟ ಹಿಡಿದ ಎತ್ತನ್ನು ಬೈಯುವಷ್ಟು. ಅದನ್ನು ಸರ್ಕಾರದ ಮುಂದೆ ಆಡುವ ಹಾಗಿರಲಿಲ್ಲ. ವಾಡಿ ಸ್ಟೇಷನ್ನಿಗೆ ಹಮಾಲಿಗೆಂದು ಹೋದವರು ಇಡೀ ದಿನ ಎಂಜಿನ್ ನೋಡುತ್ತ ನಿಂತು ಮನೆಗೆ ಬಂದರು. "ಅದಕ್ಕ ಯಾವ ವಾರನೂ ಸೂಟಿ ಇಲ್ಲಂತ, ಪಾಪ" ಅಂದರು. ಸೇಡಂನಲ್ಲಿ ಎಣ್ಣೆ ಗಾಣದ ಸೆಟ್ಟರೊಬ್ಬರು ಎತ್ತು ಬಲ್ಲವನು ಬೇಕು ಅಂದಿದ್ದರು. ಇದಂತೂ ಆಯಿತು ಎಂದು ನಾನು ದೇವರಿಗೆ ದೀಪವನ್ನೂ ಹಚ್ಚಿದೆ. ಇವರು ಹೋಗಿ ಕೂತವರೇ ಮೊದಲು ಕೇಳಿದ್ದು, "ಸೋಮವಾರ ಗಾಣ ತಿರುಗಸ್ತೀರೇನ್ರಿ ಸೆಟ್ಟರ?" ಸೆಟ್ಟರು ತಕ್ಕಡಿ ಕೆಳಗಿಟ್ಟು, "ಏನಪ್ಪಾ, ನೀ ಕೆಲಸ ಕೇಳ್ಲಾಕ ಬಂದೀಯೋ, ನನಗ ಕೆಲಸಕ್ಕ ಇಟ್ಗೊಳ್ಳಾಕ ಬಂದೀಯೋ?" ಅಂದರಂತೆ. ಚಿಂಚೋಳಿ ಕಡೆ ಐನಾಪುರದಲ್ಲಿ ಇವರ ಸೋದರಮಾವ ಇದ್ದರು. ಅಲ್ಲಿಂದ ಬರುವಾಗ ಮೈ ಕೈ ತುಂಬಿಕೊಂಡು ಬಂದರು. "ಕೆಲಸ ಸಿಕ್ತೇನ್ರಿ?" ಅಂದೆ. "ಕೆಲಸ ಸಿಗಲಿಲ್ಲ. ತೊಗರಿ ಮಾತ್ರ ಭಾಳ ಚಲೋ ಬೆಳದಾವ" ಅಂದರು.

ಅಷ್ಟರಲ್ಲಿ ದಂಡೋತಿಗೆ ಸುದ್ದಿ ಮುಟ್ಟಿತ್ತು. ಸಂತೆಗೆ ಬಂದ ನಮ್ಮೂರ ಹೆಂಗಸೊಬ್ಬಳು ಪುಂಡಿಪಲ್ಯದ ಸೊಪ್ಪು ಆರಿಸುತ್ತ, "ನಿಮ್ಮ ನೆಗೆಣ್ಣಿ ಹೇಳ್ಯಾಳವಾ, ಬೀಸುಕಲ್ಲು ತೊಳದು ಇಟ್ಟೀನಿ ಅಂತ" ಅಂದಳು. ಆರಿಸಿದ್ದ ಮೆಣಸಿನಕಾಯಿ ಅಲ್ಲೇ ಬಿಟ್ಟು ಹೊರಟೆ. ಮನೆಗೆ ಬಂದರೆ ಇವರು, "ಅಮಾಸಿ ಆದ್ಮ್ಯಾಲ ಊರಿಗೇ ಹೋಗೋಣೇನು? ಅಣ್ಣ ಏನು ಬ್ಯಾಡ ಅನ್ನಂಗಿಲ್ಲ" ಎಂದು ಹೊರಸಿನ ಇಳಿಜಾರಿನಲ್ಲಿ ಕೂತು ಕೇಳುತ್ತಿದ್ದಾರೆ. ಅಣ್ಣ ಬೇಡ ಅನ್ನುವುದಿಲ್ಲ, ಅದು ಖರೆ. ಆದರೆ ಆ ಕಲ್ಲಿನ ಮುಂದೆ ಕೂಡಬೇಕಾದವಳು ನಾನು. ಕಲ್ಲು ಬೀಸುವ ಸದ್ದಿನ ಮೇಲೂ ಅವಳ ನಗು ಕೇಳಿಸುತ್ತದೆ.

ಮರುದಿನ ಇವರು ರೊಟ್ಟಿ ಕದ್ದುಕೊಂಡು ಒಂದು ಕಡೆಯಿಂದ ಖಣಿಗೆ ಹೋದರು, ನಾನು ಸೆರಗು ಬಿಗಿದು ಇನ್ನೊಂದು ಕಡೆಯಿಂದ ಹೋದೆ. ಆಫೀಸೆಂದರೆ ನಾಲ್ಕು ಗೋಡೆ, ಮೇಲೆ ತಗಡು. ಮುನ್ಷಿ ಖಾಸಿಂಸಾಬರು ಬಾಗಿಲಲ್ಲಿ ಪಾನದಾನಿ ಇಟ್ಟುಕೊಂಡು ಕೂತಿದ್ದರು. ಸುತ್ತ ಕಲ್ಲು ಒಡೆಯುವವರು, ಹೊರುವ ಹೆಂಗಸರು.

"ಶರಣ್ರೀ ಸಾಹೇಬ್ರ. ನಮ್ಮವರಿಗಿ ತಿರುಗಿ ಕೆಲಸಕ್ಕ ತಗೋಬೇಕ್ರಿ."

"ನಿಮ್ಮವರು ಅಂದ್ರ ಯಾರು ತಂಗಿ?"

"ಗಾಡಿ ಹೊಡೀತಿದ್ರಲ್ರಿ."

"ಗಾಡಿ ಹೊಡಿಯೋರು ಭಾಳ ಮಂದಿ ಅದಾರ. ಹೆಸರು?"

ನಾನು ಯಾರ ಹೆಂಡತಿ ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯ ಸಿಹಿ ಸಜ್ಜಕ ತಿಂದವರು. ಹುಬ್ಬು ಮಾತ್ರ ನಗುತ್ತಿತ್ತು. "ಆ ಬಿಳಿ ಚುಕ್ಕಿ ಎತ್ತಿನವರ್ರೀ" ಅಂದೆ. "ಎತ್ತಿನ ಹೆಸರು ನನಗ ಗೊತ್ತದ ತಂಗಿ, ಮನುಷ್ಯಾಂದು ಹೇಳು. ಹೆಸರಿಲ್ದೆ ಒಳಗ ಹ್ಯಾಂಗ ಹೇಳ್ಲಿ?" ಅಂದರು. ಪಕ್ಕದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಯಾರಾದರೂ ಒಬ್ಬರು ಹೇಳಿಬಿಡಬಾರದೆ? ಹೇಳಲಿಲ್ಲ. ಒಂದು ಕಡೆ ಅವ್ವನ ಮಾತು, ಇನ್ನೊಂದು ಕಡೆ ತೊಳೆದಿಟ್ಟ ಬೀಸುಕಲ್ಲು.

ನಮ್ಮಲ್ಲಿ ಗಂಡನ ಹೆಸರು ಹೇಳಲು ಒಂದೇ ದಾರಿ ಉಂಟು, ಒಡಪು. ಮದುವೆಯಲ್ಲಿ ಹೊಸ್ತಿಲಿಗೆ ಅಡ್ಡ ನಿಂತು ಹೆಸರು ಕೇಳುತ್ತಾರೆ, ಆಗ ಹಾಡಿನಂಥ ಎರಡು ಸಾಲಿನೊಳಗೆ ಅಡಗಿಸಿ ಹೇಳಬಹುದು, ದೋಷವಿಲ್ಲ. ಆದರೆ ಒಡಪಿಗೆ ಮದುವೆಮನೆ ಬೇಕು, ಅರಿಸಿನ ಹಚ್ಚಿದ ಮುಖ ಬೇಕು. ನಾನಿದ್ದದ್ದು ಕಲ್ಲಿನ ಪುಡಿಯಲ್ಲಿ. ಕಣ್ಣು ಮುಚ್ಚಿ, ಸೆರಗು ಎಳೆದುಕೊಂಡು, ಮದುವಣಗಿತ್ತಿಯ ರಾಗದಲ್ಲೇ ಎಳೆದೆ:

"ಕಾಗಿಣಾ ಹೊಳಿ ದಂಡ್ಯಾಗ ಕರಕಿ ಹಸರ,
ಕೇಳ್ಯಾರ ಮುನ್ಷಿ ಸಾಹೇಬ್ರು, ರೇವಣಪ್ಪ ನಮ್ಮವರ ಹೆಸರ!"

ಸುತ್ತಿಗೆಗಳು ನಿಂತವು. ಆಮೇಲೆ ಇಡೀ ಖಣಿ ನಕ್ಕಿತು. ಖಾಸಿಂಸಾಬರು ತೊಡೆ ತಟ್ಟಿ "ವಾಹ್ ತಂಗಿ, ವಾಹ್! ಮತ್ತೊಮ್ಮೆ" ಅಂದರು. ಗದ್ದಲ ಕೇಳಿ ಗುತ್ತೇದಾರರು ಹೊರಗೆ ಬಂದರು. ಮುನ್ಷಿಗಳು ಆದದ್ದನ್ನು ಬಿಡಿಸಿ ಹೇಳಿದರು. ಗಂಟುಮುಖದ ಆ ಮನುಷ್ಯನ ಮೀಸೆಯೂ ಅಲ್ಲಾಡಿತು. ಆ ಸಂದು ನೋಡಿ ಮುನ್ಷಿಗಳು ಮಾತು ಸೇರಿಸಿದರು: ಹೊಸ ಗಾಡಿಯವನು ಬಂದಾಗಿನಿಂದ ಸೋಮವಾರ ಕಲ್ಲಿನ ಗಾಡಿ ಒಮ್ಮೆಯೂ ಹಳಿ ಮುಟ್ಟಿಲ್ಲ. ಕೆಂದ್ಯಾ, ಚಂದ್ಯಾ ಸೋಮವಾರ ಬೆಳಗಾದರೆ ಬೇವಿನ ಗಿಡದ ಕೆಳಗೆ ಕಾಲು ಮಡಚಿ ಕೂಡುತ್ತವೆ. ಬಾಲ ತಿರುವಿದರೂ ಏಳವು, ಬಾರಕೋಲಿಗೂ ಏಳವು. ನಮ್ಮವರು ಅವಕ್ಕೆ ವಾರ ಕಲಿಸಿಬಿಟ್ಟಿದ್ದರು.

"ಹ್ಯಾಂಗೂ ಸೋಮವಾರ ಎತ್ತು ಏಳಂಗಿಲ್ಲ ಸಾಹುಕಾರ್. ಉಳದ ದಿನಾನಾದ್ರೂ ನೆಟ್ಟಗ ಹೊಡಿಯೋ ಮನುಷ್ಯಾ ಇರ್ಲಿ" ಅಂದರು ಮುನ್ಷಿಗಳು.

ಗುತ್ತೇದಾರರು ಒಪ್ಪಿದರು. ಒಂದೇ ಕರಾರು: ಸೋಮವಾರ ಸೂಟಿ ಎತ್ತಿಗೆ ಮಾತ್ರ, ಮನುಷ್ಯನಿಗಲ್ಲ, ಆ ದಿನ ಅವನು ಫರಸಿ ಒಟ್ಟುವ ಕೆಲಸ ಮಾಡಬೇಕು. ನಾನು ಇವರನ್ನು ಕೇಳದೆಯೇ ಹೂಂ ಅಂದೆ. ಖಣಿಯ ಹಿಂದಿನ ಬದಿಯಲ್ಲಿ ಎತ್ತಿನ ಬಾಯಿಗೆ ರೊಟ್ಟಿ ಇಡುತ್ತಿದ್ದ ಇವರಿಗೆ ಕೆಲಸ ಸಿಕ್ಕ ಸುದ್ದಿ ನಾನೇ ಮುಟ್ಟಿಸಿದೆ. ಖುಷಿಯಾಗಲಿಲ್ಲವೆಂದಲ್ಲ, ಆದರೆ ಮೊದಲು ಕೇಳಿದ್ದು, "ಮಂದಿ ಮುಂದ ನನ್ನ ಹೆಸರು ಹೇಳಿದೇನು?" ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಮುರಿಯುತ್ತ ಮೆಲ್ಲಗೆ, "ಒಡಪು ಹ್ಯಾಂಗಿತ್ತು? ಒಮ್ಮೆ ಹೇಳು" ಅಂದರು. ಹೇಳಲಿಲ್ಲ. ಆಯುಷ್ಯದ ವಿಷಯದಲ್ಲಿ ನಾನು ಹುಡುಗಾಟ ಆಡುವವಳಲ್ಲ. ಮುಂದೆ ಸೋಮವಾರವೆಲ್ಲ ಬಿಸಿಲಲ್ಲಿ ಕಲ್ಲು ಒಟ್ಟಿ, ಬೇವಿನ ನೆರಳಲ್ಲಿ ಮೆಲುಕು ಹಾಕುವ ಎತ್ತುಗಳನ್ನು ನೋಡಿ ಹೊಟ್ಟೆ ಉರಿದುಕೊಂಡರು. ಅಷ್ಟಾದರೂ ಅವುಗಳ ಹಣೆಯ ವಿಭೂತಿ ತಪ್ಪಿಸಲಿಲ್ಲ. ನೆಗೆಣ್ಣಿಯ ಬೀಸುಕಲ್ಲು ತೊಳೆದದ್ದು ತೊಳೆದ ಹಾಗೇ ಒಣಗಿತು.

ಮುಂದೆ ನಿಜಾಮರೂ ಹೋದರು, ಖಣಿಯ ಗಾಡಿಗಳೂ ಹೋದವು, ನಮ್ಮವರೂ ಹೋದರು. ನಾನು ಹೇಳಿದ ಒಡಪಿನಿಂದಲ್ಲ, ತುಂಬಿದ ವಯಸ್ಸಿನಿಂದ. ಮೊನ್ನೆ ನನ್ನ ಕೆಲಸವೂ ಹೋಯಿತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದೆ. "ಅತ್ತಿ, ಇನ್ನ ನೀವು ಒಲಿ ಮುಂದ ಬರಬ್ಯಾಡ್ರಿ, ಹೊರಗ ಆರಾಮ ಕುಂದ್ರಿ" ಎಂದು ಸೊಸೆ ಚಮಚ ಕಸಿದುಕೊಂಡಳು. ಆಗಿನಿಂದ ಕೆಲಸ ಹುಡುಕುತ್ತ ಮನೆಯೆಲ್ಲ ತಿರುಗುತ್ತಿದ್ದೇನೆ. ಮಡಿಸಿದ ಬಟ್ಟೆ ಬಿಚ್ಚಿ ಮಡಿಸಿದೆ. ಆರಿಸಿದ ಬೇಳೆ ಮತ್ತೆ ಆರಿಸಿದೆ. ಅವಳು ರೊಟ್ಟಿ ಬಡಿಯುವಾಗ ಬಾಗಿಲಲ್ಲಿ ನಿಂತು, "ಅಂಚು ದಪ್ಪ ಆಗ್ಲಾಕತ್ತದ ನೋಡು" ಅಂದದ್ದೂ ಉಂಟು. ಅವಳು ನನ್ನನ್ನು ನೋಡಿದ ನೋಟ ನನಗೆ ಹೊಸದಲ್ಲ. ಹಿಂದೆ ನನ್ನದೇ ಕಣ್ಣಲ್ಲಿ ಇದ್ದದ್ದು.

ಇವತ್ತು ಅವಳಿಗೆ ಕನಿಕರ ಬಂತೋ, ಬೇಸರ ಬಂತೋ, ಒಂದು ಮೊರ ಮೆಂತ್ಯೆಸೊಪ್ಪು ತಂದು ಮುಂದಿಟ್ಟು, "ತಗೋರಿ ಅತ್ತಿ, ದಿನಾ ಸೊಪ್ಪು ಸೋಸೋ ಕೆಲಸ ನಿಮ್ಮದು" ಅಂದಳು. ಸುಮ್ಮನೆ ತೆಗೆದುಕೊಳ್ಳಬೇಕಿತ್ತು. ಮೊರ ತೊಡೆಯ ಮೇಲೆ ಎಳೆದುಕೊಂಡು, "ಸೋಮವಾರ ಮಾತ್ರ ನನಗ ಆಗಂಗಿಲ್ಲ ನೋಡವಾ" ಅಂದೆ.